ಸೈಕಾಲಜಿ ಪಿಜಿ: ಮಾನಸಗಂಗೋತ್ರಿಯೋ, ಬೆಂಗಳೂರಿನ ಪ್ರೈವೇಟ್ ಕಾಲೇಜೋ?

ಅರಸೀಕೆರೆ_ಜಂಕ್ಷನ್ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳದೆ ಓದಿ ಹೇಳಿ.

ಈ ವರ್ಷ ಬಿ.ಎ. ಮುಗಿಸಿದೆ. ಸರ್ಕಾರಿ ಕಾಲೇಜು, ಸೈಕಾಲಜಿ ಜೊತೆಗೆ ಸಮಾಜಶಾಸ್ತ್ರ. ಹತ್ತನೇ ಕ್ಲಾಸಿನವರೆಗೆ ಪೂರ್ತಿ ಕನ್ನಡ ಮೀಡಿಯಂ. ನಮ್ಮ ಕಾಲೇಜಿನಲ್ಲಿ ಸೈಕಾಲಜಿಗೆ ಇದ್ದದ್ದು ಒಬ್ಬರೇ ಮೇಡಂ, ಅವರೂ ಅತಿಥಿ ಉಪನ್ಯಾಸಕಿ. ಲ್ಯಾಬ್ ಅಂದರೆ ಸ್ಟಾಫ್ ರೂಮಿನ ಮೂಲೆಯಲ್ಲಿ ಒಂದು ಕಬ್ಬಿಣದ ಬೀರು. ಆದರೂ ಆ ಮೇಡಂ ಪಾಠ ಕೇಳಿದ ಮೇಲೆ ಬೇರೆ ಯಾವ ವಿಷಯವೂ ನನಗೆ ರುಚಿಸಲಿಲ್ಲ.

ಈಗ ಪಿಜಿ ಮಾಡಬೇಕು. ಒಂದು, ಮೈಸೂರು ವಿಶ್ವವಿದ್ಯಾಲಯ, ಮಾನಸಗಂಗೋತ್ರಿ. ಇನ್ನೊಂದು ಬೆಂಗಳೂರಿನ ಒಂದು ಪ್ರೈವೇಟ್ ಕಾಲೇಜು, ಹೆಸರು ಬೇಡ. ಅವರು ದಿನಕ್ಕೆ ಎರಡು ಸಲ ಫೋನ್ ಮಾಡುತ್ತಾರೆ. ನಮ್ಮಲ್ಲಿ ಕೋರ್ಸಿನ ಹೆಸರಿನಲ್ಲೇ ಕ್ಲಿನಿಕಲ್ ಇದೆ, ಮುಗಿಸಿದ ಮಾರನೇ ದಿನ ಬೋರ್ಡ್ ಹಾಕಿಕೊಂಡು ಕೂರಬಹುದು ಅನ್ನುತ್ತಾರೆ. ಎರಡು ವರ್ಷಕ್ಕೆ ನಾಲ್ಕೂವರೆ ಲಕ್ಷ, ಹಾಸ್ಟೆಲ್ ಬೇರೆ. ಅಪ್ಪ ಸರ್ಕಾರಿ ಬಸ್ ಡ್ರೈವರ್. ಸಾಲ ತೆಗೆದರಾಯಿತು ಬಿಡು ಅನ್ನುತ್ತಾರೆ. ಅವರು 'ಬಿಡು' ಅನ್ನುವ ಧಾಟಿ ನನಗೆ ಗೊತ್ತು.

ಅಪ್ಪನಿಗೆ ಇದು ಯಾವ ಓದು ಅಂತಲೇ ಅರ್ಥ ಆಗಿಲ್ಲ. ಡಿಪೋದಲ್ಲಿ ಯಾರೋ 'ನಿನ್ ಮಗಳು ಹುಚ್ಚರ ಡಾಕ್ಟರ್ ಆಗ್ತಾಳಂತೆ' ಅಂದರಂತೆ. ಮನೆಗೆ ಬಂದು ನನ್ನನ್ನೇ ಕೇಳಿದರು, 'ಹೌದೇನಮ್ಮ?' ಹೌದು ಅನ್ನಲೂ ಇಲ್ಲ, ಅಲ್ಲ ಅನ್ನಲೂ ಇಲ್ಲ. ನನಗೇ ಸರಿಯಾಗಿ ಗೊತ್ತಿದ್ದರೆ ತಾನೇ ಹೇಳೋದು.

ಕೇಳಬೇಕಾದ್ದು ಇಷ್ಟೇ. ಸರ್ಕಾರಿ ವಿ.ವಿ.ಯಲ್ಲಿ ಸೈಕಾಲಜಿ ಓದಿದರೆ ನಿಜವಾಗಿ ಏನು ಕಲಿಸುತ್ತಾರೆ? ಮುಗಿಸಿ ಕೌನ್ಸೆಲಿಂಗ್ ಮಾಡಬಹುದಾ? ಇಂಗ್ಲಿಷ್ ಓದಲು ಪರವಾಗಿಲ್ಲ, ಮಾತಾಡಲು ನಾಲಿಗೆ ಹೊರಳುವುದಿಲ್ಲ. ಅಲ್ಲಿ ಹೋಗಿ ಮುಳುಗಿಬಿಡುತ್ತೇನಾ?

ಒಂಟಿಕೊಪ್ಪಲ್_ಹಳಬ ಬರೆದದ್ದು:

ತಂಗಿ, ಮೊದಲು ಆ ಫೋನ್ ನಂಬರ್ ಬ್ಲಾಕ್ ಮಾಡಿ. ಮಾಡುವ ಮುಂಚೆ ಒಂದೇ ಒಂದು ಪ್ರಶ್ನೆ ಕೇಳಿ: 'ನಿಮ್ಮ ಕೋರ್ಸಿಗೆ ಆರ್‌ಸಿಐ ಅನುಮೋದನೆ ಇದೆಯಾ, ಪತ್ರ ಕಳಿಸಿ.' ಆರ್‌ಸಿಐ ಅಂದರೆ ಭಾರತೀಯ ಪುನರ್ವಸತಿ ಮಂಡಳಿ. ಕ್ಲಿನಿಕಲ್ ಸೈಕಾಲಜಿಸ್ಟ್, ಅಂದರೆ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಕೊಡುವ ಸೈಕಾಲಜಿಸ್ಟ್, ಅಂತ ಬೋರ್ಡ್ ಹಾಕಬೇಕಾದರೆ ಅವರ ಹತ್ತಿರ ನೋಂದಣಿ ಬೇಕು. ಕೋರ್ಸಿನ ಹೆಸರಿನಲ್ಲಿ ಏನು ಬೇಕಾದರೂ ಇರಬಹುದು, ಮಿಠಾಯಿ ಅಂಗಡಿಗೆ ಅನ್ನಪೂರ್ಣೇಶ್ವರಿ ಅಂತ ಹೆಸರಿಟ್ಟ ಹಾಗೆ.

ನಾನು ಗಂಗೋತ್ರಿಯಲ್ಲಿ ಓದಿ ಬಹಳ ವರ್ಷ ಆಯಿತು. ಈಗಿನ ಸಿಲೆಬಸ್ ಗೊತ್ತಿರುವವರು ತಿದ್ದಿ. ಆದರೆ ಏನು ಕಲಿಸುತ್ತಾರೆ ಅನ್ನೋದಕ್ಕೆ ನನಗೆ ನೆನಪಿರುವುದು ಕನ್ನಡಿ.

ಮಿರರ್ ಡ್ರಾಯಿಂಗ್ ಅಂತ ಒಂದು ಪ್ರಯೋಗ. ಹಲಗೆಯ ಮೇಲೆ ಎರಡು ಗೆರೆಯ ನಕ್ಷತ್ರದ ಚಿತ್ರ. ಗೆರೆಗಳ ನಡುವೆ ಪೆನ್ಸಿಲ್ ಓಡಿಸಿ ಒಂದು ಸುತ್ತು ಬರಬೇಕು. ನಿಮ್ಮ ಕೈ ನಿಮಗೇ ಕಾಣದ ಹಾಗೆ ಅಡ್ಡ ತಗಡು ಇರುತ್ತದೆ, ಎದುರಿನ ಕನ್ನಡಿಯಲ್ಲಿ ಮಾತ್ರ ಕಾಣಬೇಕು. ಸುಲಭ ಅನ್ನಿಸುತ್ತದೆ ಅಲ್ವಾ? ನಕ್ಷತ್ರದ ಮೊದಲ ಮೂಲೆ ತಿರುಗುವಾಗ ಕೈ ಮಾತೇ ಕೇಳುವುದಿಲ್ಲ. ಆ ಕಡೆ ಅಂದರೆ ಈ ಕಡೆ ಹೋಗುತ್ತದೆ. ನಮ್ಮ ಜೊತೆಯ ಒಬ್ಬ, ಚಿತ್ರಕಲೆಯಲ್ಲಿ ಜಿಲ್ಲೆಗೇ ಮೊದಲು ಬಂದವನು, ಒಂದು ಮೂಲೆಯಲ್ಲಿ ಸಿಕ್ಕಿಕೊಂಡು ಬೆವತುಹೋದ. ಪಕ್ಕದಲ್ಲಿ ಸ್ಟಾಪ್‌ವಾಚ್ ಹಿಡಿದುಕೊಂಡು ನಾನು ತಪ್ಪು ಎಣಿಸುತ್ತಿದ್ದೆ. ನಗುವ ಹಾಗಿಲ್ಲ, ನಕ್ಕರೆ ಪ್ರಯೋಗ ಕೆಡುತ್ತದೆ. ಬಲಗೈಯಲ್ಲಿ ಹಲವು ಸಲ ಮಾಡಿಸಿ ಆಮೇಲೆ ಎಡಗೈಗೆ ಕೊಟ್ಟರೆ, ಒಂದು ಗೆರೆಯನ್ನೂ ಅಭ್ಯಾಸ ಮಾಡದ ಎಡಗೈ ಬಲಗೈಯ ಮೊದಲ ಸಲಕ್ಕಿಂತ ಚೆನ್ನಾಗಿ ಬರೆಯುತ್ತದೆ. ಬಲಗೈ ಕಲಿತದ್ದು ಎಡಗೈಗೆ ಹೇಗೆ ಗೊತ್ತಾಯಿತು? ಅಲ್ಲಿಂದ ಪಾಠ ಶುರು.

ಪ್ರತಿ ಪ್ರಯೋಗಕ್ಕೂ ರೆಕಾರ್ಡ್ ಬರೆಯಬೇಕು: ಉದ್ದೇಶ, ಸಾಮಗ್ರಿ, ವಿಧಾನ, ಫಲಿತಾಂಶ. ಜೊತೆಗೆ ಪ್ರಯೋಗಕ್ಕೆ ಕೂತವರು ಒಳಗೆ ಏನು ಅನ್ನಿಸಿತು ಅಂತ ಹೇಳಿದ್ದನ್ನೂ ಬರೆದುಕೊಳ್ಳಬೇಕು. ಎರಡು ವರ್ಷದಲ್ಲಿ ನೀವು ಗೆಳತಿಯರ ಮೇಲೆ ಪ್ರಯೋಗ ಮಾಡುತ್ತೀರಿ, ಅವರು ನಿಮ್ಮ ಮೇಲೆ. ಹಾಸ್ಟೆಲ್‌ನಲ್ಲಿ ಬೇರೆ ಸಬ್ಜೆಕ್ಟಿನವರು ನಿಮ್ಮನ್ನು ಕಂಡರೆ ಓಡುತ್ತಾರೆ, ಯಾಕೆಂದರೆ ಪ್ರಯೋಗಕ್ಕೆ ಕೂರಿಸಲು ಹೊರಗಿನವರನ್ನೂ ಹಿಡಿದು ತರಬೇಕು. ಒಂದು ಮಸಾಲೆ ದೋಸೆಗೆ ಎಷ್ಟು ಜನರನ್ನು ಕೂರಿಸಿದ್ದೇನೋ ಲೆಕ್ಕವಿಲ್ಲ.

ಅರ್ಥವಿಲ್ಲದ ಪದಗಳ ಪ್ರಯೋಗ ಇನ್ನೂ ಮಜಾ. ಎಬಿಂಗ್‌ಹೌಸ್ ಅನ್ನುವ ಜರ್ಮನ್ ಒಂಟಿಯಾಗಿ ಕೂತು, ಸುಮಾರು 2300 ಅರ್ಥವಿಲ್ಲದ ಅಕ್ಷರಗುಂಪುಗಳನ್ನು ಮಾಡಿಕೊಂಡು, ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಅಂತ ತನ್ನ ಮೇಲೇ ಅಳೆದ. ಪುಸ್ತಕವಾಗಿ ಬಂದದ್ದು 1885ರಲ್ಲಿ. ನಾವು ಕನ್ನಡದಲ್ಲಿ ಮಾಡೋಣ ಅಂತ ಹೊರಟೆವು. ರಾತ್ರಿಯೆಲ್ಲ ಕೂತು ಎರಡೆರಡು ಅಕ್ಷರದ ಪಟ್ಟಿ ಮಾಡಿದೆ. ಬೆಳಿಗ್ಗೆ ಮಂಗಳೂರು ಕಡೆಯ ಹುಡುಗಿಯ ಮುಂದೆ ಇಟ್ಟರೆ 'ಪೋಡಿ' ಅನ್ನುವ ಪದಕ್ಕೆ ಬಂದು ಕಿಸಕ್ಕನೆ ನಕ್ಕಳು. ಅವರ ಮನೆಯಲ್ಲಿ ಪೋಡಿ ಅಂದರೆ ಬಜ್ಜಿ! ಅವಳಿಗೆ ಆ ಪಟ್ಟಿಯಲ್ಲಿ ಮೊದಲು ನೆನಪಾದದ್ದೂ ಅದೇ. ಮೇಷ್ಟ್ರು ರೆಕಾರ್ಡ್ ನೋಡಿ, 'ಪಟ್ಟಿ ಮಾಡುವ ಮೊದಲು ಯಾರನ್ನಾದರೂ ಕೇಳಿದೆಯೇನಯ್ಯ?' ಅಂದರು. ಪ್ರಯೋಗದ ಸಾಮಗ್ರಿ ಹೇಗೆ ಮಾಡಬೇಕು ಅನ್ನೋದನ್ನು ನಾನು ಕಲಿತದ್ದು ಆ ಬಜ್ಜಿಯಿಂದ.

ಇಲಾಖೆ ತುಂಬಾ ಹಳೆಯದು. ದೇಶದ ಮೊದಲ ಸೈಕಾಲಜಿ ವಿಭಾಗ ಕಲ್ಕತ್ತಾದಲ್ಲಿ 1916ರಲ್ಲಿ. ಮೈಸೂರಿನದು 1924, ಬ್ರಜೇಂದ್ರನಾಥ ಸೀಲ್ ಕುಲಪತಿಗಳಾಗಿದ್ದ ಕಾಲ. ಕಲ್ಕತ್ತಾದ ಪ್ರಾಯೋಗಿಕ ಸೈಕಾಲಜಿಯ ಸಿಲೆಬಸ್ ಬರೆದವರೇ ಅವರು. ಇಲ್ಲಿ ವಿಭಾಗ ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿ, ಲಂಡನ್ನಿನಲ್ಲಿ ಸ್ಪಿಯರ್‌ಮನ್ ಹತ್ತಿರ ಕಲಿತು ಬಂದವರು. ಎಲ್ಲ ಬಗೆಯ ಬುದ್ಧಿಕೆಲಸದ ಹಿಂದೆ ಇರುವ ಸಾಮಾನ್ಯ ಬುದ್ಧಿಶಕ್ತಿಗೆ 'ಜಿ' ಅಂತ ಹೆಸರು ಕೊಟ್ಟ ಸ್ಪಿಯರ್‌ಮನ್ನೇ. ಇದೇ ಗೋಪಾಲಸ್ವಾಮಿಯವರು 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಲ್ಲಿ ರೇಡಿಯೋ ಶುರು ಮಾಡಿದರು. ಅದೇ ಆಕಾಶವಾಣಿ. ಇಡೀ ದೇಶದ ರೇಡಿಯೋಗೆ ಆಮೇಲೆ ಆ ಹೆಸರೇ ಬಂತು. ನಿಮ್ಮ ಅಪ್ಪ ಬಸ್ಸಿನಲ್ಲಿ ರೇಡಿಯೋ ಹಾಕುವವರಾದರೆ ಇದನ್ನು ಹೇಳಿ. ಸೈಕಾಲಜಿ ಮೇಷ್ಟ್ರೊಬ್ಬರು ಮಾಡಿದ ಕೆಲಸ.

ಇಂಗ್ಲಿಷ್ ಭಯ ಬೇಡ. ಮೊದಲ ಸೆಮಿಸ್ಟರ್ ಕಷ್ಟ. ಎರಡನೆಯದರಲ್ಲಿ ಒಗ್ಗುತ್ತದೆ.

ಪ್ರಾಕ್ಟಿಕಲ್_ಮನುಷ್ಯ ಬರೆದದ್ದು:

ರೇಡಿಯೋ ಕತೆ, ಬಜ್ಜಿ ಕತೆ ಎಲ್ಲ ಚೆನ್ನಾಗಿದೆ. ಕೆಲಸ ಎಲ್ಲಿದೆ ಸ್ವಾಮಿ? ಪಿಯು ಲೆಕ್ಚರರ್ ಆಗಲು ಪಿಜಿ ಜೊತೆ ಬಿ.ಎಡ್. ಕೂಡ ಬೇಕು. ಸೈಕಾಲಜಿ ಇರುವ ಪಿಯು ಕಾಲೇಜುಗಳೇ ಕಮ್ಮಿ. ಡಿಗ್ರಿ ಕಾಲೇಜಿಗೆ ನೆಟ್ ಅಥವಾ ಕೆ-ಸೆಟ್ ಅರ್ಹತಾ ಪರೀಕ್ಷೆ ಬೇಕು, ಪಾಸಾದರೂ ಅತಿಥಿ ಉಪನ್ಯಾಸಕರಾಗಿ ವರ್ಷ ವರ್ಷ ಕಾಯಬೇಕು. ಪ್ರಶ್ನೆ ಕೇಳಿದವರ ಮೇಡಂ ಗತಿಯೇ ನೋಡಿ. ಸುಮ್ನೆ ಬಿ.ಎಡ್. ಮಾಡಿ ಹೈಸ್ಕೂಲ್ ಟೀಚರ್ ಆಗಿ. ಅಪ್ಪನಿಗೆ ಸಾಲವೂ ಇಲ್ಲ, ಡಿಪೋದಲ್ಲಿ ಮಾತೂ ಇಲ್ಲ.

ಸಾಧನಕೇರಿ_ಸಂಜೆ ಬರೆದದ್ದು:

ಪ್ರಾಕ್ಟಿಕಲ್ ಅವರೇ, ನೀವು ಹೇಳಿದ ಕಷ್ಟ ಸುಳ್ಳಲ್ಲ ನೋಡ್ರಿ, ಆದರೆ ಅರ್ಧ ಲೆಕ್ಕ ಹೇಳಿದಿರಿ. ಸೈಕಾಲಜಿ ಅಂದರೆ ಮೇಷ್ಟ್ರಕಿ ಒಂದೇ ಏನು?

ನಾನು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪಿಜಿ ಮಾಡಿ, ಆಮೇಲೆ ಕ್ಲಿನಿಕಲ್ ಎಂ.ಫಿಲ್. ಮಾಡಿ, ಈಗ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಇದ್ದೇನೆ. ಯಾವ ಜಿಲ್ಲೆ ಅಂತ ಬೇಡ. ಮಂಗಳವಾರ ಮನೋಚೈತನ್ಯ ಕ್ಲಿನಿಕ್ಕಿಗೆ ತಾಲ್ಲೂಕು ಆಸ್ಪತ್ರೆಗೆ ಹೋಗುತ್ತೇವೆ. ಈ ಜಿಲ್ಲಾ ಯೋಜನೆ ಹುಟ್ಟಿದ್ದೂ ನಮ್ಮ ಕಡೆಯೇ. ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ನೋಡಿದ್ದನ್ನೇ 1996ರಲ್ಲಿ ದೇಶಕ್ಕೆ ಹಬ್ಬಿಸಿದರು.

ತಂಗಿ, ದಾರಿ ಸರಿಯಾಗಿ ತಿಳಿದುಕೊಳ್ಳಿ. ಪಿಜಿ ಮುಗಿಸಿದರೆ ಶಾಲೆಯಲ್ಲಿ, ಎನ್‌ಜಿಒದಲ್ಲಿ, ಹೆಲ್ಪ್‌ಲೈನ್‌ನಲ್ಲಿ ಕೌನ್ಸೆಲರ್ ಕೆಲಸ ಸಿಗಬಹುದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ ನೋಡಿ, 14416, 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು. ಅಲ್ಲಿ ಕನ್ನಡದಲ್ಲಿ ಮಾತಾಡಿ ಕೇಳಿಸಿಕೊಳ್ಳುವವರೇ ಬೇಕು. ಆದರೆ ಕ್ಲಿನಿಕಲ್ ಸೈಕಾಲಜಿಸ್ಟ್ ಅನ್ನುವ ಪದಕ್ಕೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲೇ ಅರ್ಥ ಬರೆದಿದ್ದಾರೆ. ನಾನು ಮಾಡಿದ ದಾರಿಯಲ್ಲಿ ಪಿಜಿ ಆದ ಮೇಲೆ ಎರಡು ವರ್ಷ ಪೂರ್ತಿ ಆಸ್ಪತ್ರೆಯಲ್ಲಿ, ಹಿರಿಯರ ಕಣ್ಣೆದುರು ದುಡಿಯಬೇಕಿತ್ತು. ಆ ಎಂ.ಫಿಲ್. ಅನ್ನೇ ಯುಜಿಸಿ 2022ರ ನಿಯಮದಲ್ಲಿ ನಿಲ್ಲಿಸಿತು. ಆಮೇಲೆ ಕ್ಲಿನಿಕಲ್‌ಗೆ 2025-26ರ ಪ್ರವೇಶದವರೆಗೆ ಅವಕಾಶ ಕೊಟ್ಟಿತ್ತು. ನಿಮ್ಮ ಪಿಜಿ ಮುಗಿಯುವ ಹೊತ್ತಿಗೆ ಹೊಸ ಕೋರ್ಸುಗಳ ಹೆಸರು ಬೇರೆ ಇರುತ್ತದೆ. ಆ ವರ್ಷ ಆರ್‌ಸಿಐ ಪಟ್ಟಿ ನೋಡಿಯೇ ಅರ್ಜಿ ಹಾಕಿ, ಯಾರ ಬಾಯಿಮಾತೂ ಬೇಡ, ನನ್ನದೂ ಬೇಡ. ಮನೆಯಲ್ಲೇ ಕೂತು ದೂರಶಿಕ್ಷಣದಲ್ಲಿ ಸೈಕಾಲಜಿ ಮಾಡುತ್ತೇನೆ ಅನ್ನುವವರಿಗೂ ಒಂದು ಮಾತು: ಯುಜಿಸಿ 2025ರಲ್ಲಿ ಅದನ್ನೂ ಬಂದ್ ಮಾಡಿತು.

ಈಗ ಕನ್ನಡ ಮೀಡಿಯಂ ವಿಷಯ. ಹೋದ ತಿಂಗಳ ಮಾತು. ಒಬ್ಬ ಅಜ್ಜಿ ಬಂದಿದ್ದರು. 'ಎದಿಯೊಳಗ ಕಲ್ಲು ಇಟ್ಟಂಗ ಆಗೇತಿ' ಅಂದರು. ನಮ್ಮ ಜೊತೆ ತರಬೇತಿಗೆ ಬಂದಿದ್ದ ಹುಡುಗಿ, ದೊಡ್ಡ ಊರಿನ ಇಂಗ್ಲಿಷ್ ಶಾಲೆಯಲ್ಲಿ ಓದಿದವಳು, ಬಹಳ ಚುರುಕು. ಎದೆನೋವು ಅಂತ ಬರೆದುಕೊಂಡು ಇಸಿಜಿಗೆ ಕಳಿಸಿದಳು. ತಪ್ಪೇನಲ್ಲ, ಆ ವಯಸ್ಸಿಗೆ ಇಸಿಜಿ ಮಾಡಿಸಲೇಬೇಕು. ಆದರೆ ಅಜ್ಜಿ ವಾಪಸ್ ಬಂದ ಮೇಲೆ 'ಯಾವಾಗಿನಿಂದ ಕಲ್ಲು ಐತಿ ಅವ್ವಾ?' ಅಂತ ನಾನು ಕೇಳಿದೆ. 'ಮಗ ಹೊಲ ಮಾರಿದಾಗಿಂದ' ಅಂದರು. ಆಮೇಲೆ ಅರ್ಧ ಗಂಟೆ ಅವರೇ ಮಾತಾಡಿದರು. ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಮೊಮ್ಮಕ್ಕಳ ಗದ್ದಲವೂ ಬೇಡ. ಪುಸ್ತಕದಲ್ಲಿ ಅದನ್ನು ಖಿನ್ನತೆ ಅಂತ ಕರೆಯುತ್ತಾರೆ. ಇಷ್ಟು ವರ್ಷದಲ್ಲಿ 'ನನಗೆ ಖಿನ್ನತೆ ಆಗಿದೆ' ಅಂತ ಹೇಳಿಕೊಂಡು ಬಂದ ಒಬ್ಬ ರೈತನನ್ನೂ ನಾನು ನೋಡಿಲ್ಲ. ತಲೆ ಗಿಂವ್ ಅನ್ನುತ್ತದೆ, ಕೈಕಾಲು ಹರಿಯುತ್ತದೆ, ಜೀವಕ್ಕೆ ಸಮಾಧಾನ ಇಲ್ಲ, ಯಾರೋ ಏನೋ ಮಾಡಿಸಿದ್ದಾರೆ, ಹೀಗೆ ಬರುತ್ತಾರೆ. ನಿಮ್ಮ ನಾಲಿಗೆ ಇಂಗ್ಲಿಷಿಗೆ ಹೊರಳದಿದ್ದರೆ ಎರಡು ವರ್ಷದಲ್ಲಿ ಹೊರಳುತ್ತದೆ. ಇದಕ್ಕೆ ಕಿವಿ ಬೇಕು. ಅದು ನಿಮಗೆ ಆಗಲೇ ಇದೆ, 'ಬಿಡು' ಅನ್ನುವ ಧಾಟಿ ಗೊತ್ತು ಅಂದಿರಲ್ಲ.

ಒಂದು ಎಚ್ಚರಿಕೆ. ಪಿಜಿಯಲ್ಲಿ ಥೆರಪಿ ಕಲಿತುಬಿಡುತ್ತೇನೆ ಅಂತ ಹೋಗಬೇಡಿ. ನಾನು ಹಾಗೇ ಹೋಗಿದ್ದೆ. ಮೊದಲ ತಿಂಗಳು ಅಂಕಿಸಂಖ್ಯೆ ನೋಡಿ ಅತ್ತಿದ್ದೆ. ಆಮೇಲೆ ಉಪಯೋಗಕ್ಕೆ ಬಂದದ್ದೂ ಅದೇ.

ಆರನೇ_ವರ್ಷದ_ಪಿಎಚ್‌ಡಿ ಬರೆದದ್ದು:

ಸಂಜೆ ಅಕ್ಕ ಹೇಳಿದ ಅಂಕಿಸಂಖ್ಯೆಯ ಅಳುವಿಗೆ ನಾನೂ ಸೇರಿಕೊಳ್ಳುತ್ತೇನೆ. ನಾನು ಇರುವುದು ಒಂದು ಸರ್ಕಾರಿ ವಿ.ವಿ., ಯಾವುದು ಅಂತ ಹೇಳಿದರೆ ಏಳನೇ ವರ್ಷವೂ ಇಲ್ಲೇ ಇರಬೇಕಾಗುತ್ತದೆ.

ಚೆನ್ನಾಗಿರುವುದು ಮೊದಲು. ಜೆಆರ್‌ಎಫ್ (ನೆಟ್‌ನಲ್ಲಿ ಮುಂದೆ ಬಂದವರಿಗೆ ಸಿಗುವ ಸಂಶೋಧನಾ ಫೆಲೋಶಿಪ್) ಸಿಕ್ಕರೆ ತಿಂಗಳಿಗೆ 37,000, ಜೊತೆಗೆ ಮನೆ ಬಾಡಿಗೆ ಭತ್ಯೆ. ಆ ದುಡ್ಡಿನಲ್ಲಿ ಓದಿಕೊಂಡು ಅಪ್ಪನಿಗೂ ಕಳಿಸಬಹುದು. ಪಿಜಿಯ ಎರಡನೇ ವರ್ಷದಿಂದಲೇ ನೆಟ್ ತಯಾರಿ ಶುರು ಮಾಡಿ. ಲೈಬ್ರರಿ ಇರುತ್ತದೆ. ಹಳೆಯ ಟೆಸ್ಟುಗಳು ಇರುತ್ತವೆ. ಬುದ್ಧಿಶಕ್ತಿ ಅಳೆಯುವ ರಾವೆನ್ಸ್ ಮ್ಯಾಟ್ರಿಸಸ್, ಭಾಟಿಯಾ ಬ್ಯಾಟರಿ, ರೋರ್‌ಶಾಕ್‌ನ ಹತ್ತು ಶಾಯಿಕಲೆ ಕಾರ್ಡು ಎಲ್ಲ ಕೈಯಲ್ಲಿ ಹಿಡಿದು ನೋಡಬಹುದು. ಪ್ರೈವೇಟ್‌ನಲ್ಲಿ ಎಷ್ಟೋ ಕಡೆ ಪಿಪಿಟಿಯಲ್ಲಿ ತೋರಿಸಿ ಮುಗಿಸುತ್ತಾರೆ ಅಂತ ಅಲ್ಲಿಂದ ಬಂದವರೇ ಹೇಳಿದ್ದಾರೆ.

ಚೆನ್ನಾಗಿಲ್ಲದ್ದು: ರಿಸಲ್ಟ್ ಯಾವಾಗ ಬರುತ್ತದೆ ಅಂತ ದೇವರಿಗೂ ಗೊತ್ತಿಲ್ಲ. ನನ್ನ ಒಂದು ಸೆಮಿಸ್ಟರ್ ಅಂಕಪಟ್ಟಿಯಲ್ಲಿ ನನ್ನ ಅಪ್ಪನ ಹೆಸರು ಬೇರೆ ಯಾರದ್ದೋ ಆಗಿ ಬಂದು, ಅದನ್ನು ಸರಿಮಾಡಿಸಲು ನಾಲ್ಕು ತಿಂಗಳು, ಮೂರು ಕಿಟಕಿ, ಒಬ್ಬರು ನಿವೃತ್ತಿಯಾಗಿ ಇನ್ನೊಬ್ಬರು ಬರುವವರೆಗೆ ಕಾದು... ಬಿಡಿ. ಗೈಡ್ ಒಳ್ಳೆಯವರು ಸಿಕ್ಕರೆ ಸ್ವರ್ಗ. ನನಗೆ ಮೊದಲು ಸಿಕ್ಕಿದವರು ತಮ್ಮ ಮನೆಯ ಗ್ಯಾಸ್ ಬುಕ್ ಮಾಡಿಸುತ್ತಿದ್ದರು. ಸೇರುವ ಮುಂಚೆ ಅಲ್ಲಿನ ಸೀನಿಯರ್‌ಗಳನ್ನು ಕ್ಯಾಂಟೀನ್‌ನಲ್ಲಿ ಹಿಡಿದು ಕೇಳಿ. ಇಲಾಖೆಯ ಕಾರಿಡಾರ್‌ನಲ್ಲಿ ಕೇಳಬೇಡಿ, ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ.

ಈಗ ನಿಜವಾದ ಕೆಲಸ ಹೇಗಿರುತ್ತದೆ ಅಂತ ಒಂದು ಹೇಳುತ್ತೇನೆ. ನನ್ನ ಸಂಶೋಧನೆ ಹಳ್ಳಿಯ ಹೆಂಗಸರ ಒತ್ತಡದ ಮೇಲೆ. ಇಂಗ್ಲಿಷಿನ ಪ್ರಶ್ನಾವಳಿಯನ್ನು ಕನ್ನಡಕ್ಕೆ ಮಾಡಬೇಕು. ಒಬ್ಬರು ಕನ್ನಡಕ್ಕೆ ಮಾಡುತ್ತಾರೆ, ಮೂಲ ನೋಡದ ಇನ್ನೊಬ್ಬರು ಮತ್ತೆ ಇಂಗ್ಲಿಷಿಗೆ ಮಾಡುತ್ತಾರೆ, ಎರಡನ್ನೂ ಪಕ್ಕದಲ್ಲಿಟ್ಟು ಎಲ್ಲಿ ಜಾರಿತು ಅಂತ ನೋಡಬೇಕು. ಅದೆಲ್ಲ ಶಿಸ್ತಾಗಿ ಮುಗಿಸಿ ಹಳ್ಳಿಗೆ ಹೋದೆ. ಮೊದಲ ಮನೆಯಲ್ಲೇ ಗಾಡಿ ನಿಂತಿತು. 'ಸಂಪೂರ್ಣವಾಗಿ ಒಪ್ಪುತ್ತೇನೆ, ಒಪ್ಪುತ್ತೇನೆ, ತಟಸ್ಥ, ಒಪ್ಪುವುದಿಲ್ಲ, ಸ್ವಲ್ಪವೂ ಒಪ್ಪುವುದಿಲ್ಲ.' ಆ ಅಮ್ಮ ಅವರೆಕಾಯಿ ಸುಲಿಯುತ್ತಾ 'ನಿಂಗೆ ಯಾವುದು ಬೇಕೋ ಅದ್ ಬರ್ಕೊಳ್ಳವ್ವ' ಅಂದರು. ತಟಸ್ಥ ಅಂದರೆ ಏನು ಅಂತ ನಾನೇ ಎರಡು ಸಲ ಯೋಚಿಸಿದೆ.

ಕೊನೆಗೆ ಅವರ ಅಡುಗೆಮನೆಯಿಂದಲೇ ಐದು ಲೋಟ ಇಸಿದುಕೊಂಡೆ. ಒಂದು ಖಾಲಿ, ಒಂದರಲ್ಲಿ ತಳ ಮುಚ್ಚುವಷ್ಟು ನೀರು, ಒಂದು ಅರ್ಧ, ಒಂದು ಮುಕ್ಕಾಲು, ಒಂದು ತುಂಬ. 'ರಾತ್ರಿ ಮಲಗಿದಾಗ ಯೋಚನೆ ಬರುತ್ತಲ್ಲ ಅಮ್ಮ, ಅದು ಯಾವ ಲೋಟದಷ್ಟು?' ಅವರೆಕಾಯಿ ಮೊರ ಪಕ್ಕಕ್ಕೆ ಸರಿಸಿ ಲೋಟಗಳನ್ನು ಒಂದೊಂದಾಗಿ ನೋಡಿದರು. ಮುಕ್ಕಾಲು ಲೋಟ ಮುಟ್ಟಿದರು. ಸ್ವಲ್ಪ ತಡೆದು ತಮ್ಮ ಪಕ್ಕದಲ್ಲಿದ್ದ ಚೊಂಬಿನಿಂದ ಇನ್ನೂ ಒಂದು ಗುಟುಕು ಅದಕ್ಕೇ ಸುರಿದರು. 'ಇಷ್ಟು.' ಐದು ಅಂಕದ ಮಾಪನದಲ್ಲಿ ಇದಕ್ಕೆ ಎಷ್ಟು ಹಾಕೋದು ಅಂತ ಇವತ್ತಿಗೂ ಗೈಡ್ ಜೊತೆ ವಾದ ನಡೆಯುತ್ತಿದೆ. ಹೊಸ ಗೈಡ್, ಒಳ್ಳೆಯವರು.

ಸೈಕಾಲಜಿಯ ದೊಡ್ಡ ದೊಡ್ಡ ಮಾತುಗಳನ್ನು ಕಣ್ಣುಮುಚ್ಚಿ ನಂಬಬೇಡಿ ಅನ್ನೋದನ್ನೂ ಒಳ್ಳೆಯ ವಿಭಾಗದಲ್ಲಿ ಕಲಿಸುತ್ತಾರೆ. 2015ರಲ್ಲಿ ಹೆಸರಾಂತ ಪತ್ರಿಕೆಗಳಲ್ಲಿ ಬಂದ ನೂರು ಪ್ರಯೋಗಗಳನ್ನು ಮತ್ತೆ ಮಾಡಿ ನೋಡಿದರು. ಅಂಕಿಸಂಖ್ಯೆಯ ಪರೀಕ್ಷೆಯಲ್ಲಿ ಗೆದ್ದದ್ದು ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಪುಸ್ತಕದಲ್ಲಿ ಓದಿದ್ದು ಬಿದ್ದುಹೋಗುತ್ತಾ ಹೋದರೆ ಪರೀಕ್ಷೆಗೆ ಏನು ಬರೆಯೋದು ಅನ್ನುವ ಗೊಂದಲ ಇದ್ದೇ ಇರುತ್ತದೆ. ಪರೀಕ್ಷೆಗೆ ಪುಸ್ತಕದಲ್ಲಿದ್ದದ್ದೇ ಬರೆಯಿರಿ.

ಎಸ್‌ಪಿಎಸ್‌ಎಸ್‌ಗೆ ದುಡ್ಡು ಕೊಡಬೇಡಿ. ಅಂಕಿಸಂಖ್ಯೆಯ ಲೆಕ್ಕಕ್ಕೆ ಅದರಂಥದ್ದೇ ಸಾಫ್ಟ್‌ವೇರ್ ಜಾಮೋವಿ ಪುಕ್ಕಟೆ.

ಹಿಮದಲ್ಲಿ_ಹುಳಿಯನ್ನ ಬರೆದದ್ದು:

ಐದು ಲೋಟದ ಕತೆಯನ್ನು ನಾಳೆ ನನ್ನ ಕ್ಲಾಸಿನಲ್ಲಿ ಹೇಳುತ್ತೇನೆ, ಅಭ್ಯಂತರ ಇಲ್ಲ ತಾನೇ? ನಾನು ಮಿನಿಯಾಪೊಲಿಸ್‌ನಲ್ಲಿ, ಮಿನೆಸೋಟ ವಿಶ್ವವಿದ್ಯಾಲಯ. ಇದೂ ಸರ್ಕಾರಿಯೇ. ಹೊರಗೆ ಮೈನಸ್ ಇಪ್ಪತ್ತು, ಅದಕ್ಕೇ ಕೂತು ಉದ್ದ ಬರೆಯುತ್ತಿದ್ದೇನೆ.

ಇಲ್ಲಿನ ಒಂದು ವಿಷಯ ನಿಮ್ಮ ಮಾತಿಗೆ ಸರಿಯಾಗಿ ಕೂರುತ್ತದೆ. ಎಂಎಂಪಿಐ ಅಂತ ವ್ಯಕ್ತಿತ್ವದ ಪರೀಕ್ಷೆ ಓದಿರುತ್ತೀರಿ. ಅದರಲ್ಲಿ ಮೊದಲ ಎಂ ಅಂದರೆ ಮಿನೆಸೋಟ. ಹ್ಯಾಥವೇ ಮತ್ತು ಮಕಿನ್ಲಿ ಇಲ್ಲೇ ಮಾಡಿ 1943ರಲ್ಲಿ ಪ್ರಕಟಿಸಿದರು. ರೋಗಿಗಳ ಉತ್ತರವನ್ನು ಹೋಲಿಸಲು ಆರೋಗ್ಯವಂತರು ಬೇಕಲ್ಲ. ಯೂನಿವರ್ಸಿಟಿ ಆಸ್ಪತ್ರೆಗೆ ರೋಗಿಗಳನ್ನು ನೋಡಲು ಬಂದ ನೆಂಟರಿಷ್ಟರನ್ನೇ ಜಾಸ್ತಿ ಕೂರಿಸಿದರು. ಬಹುಪಾಲು ಬಿಳಿಯರು, ಹಳ್ಳಿ ಮತ್ತು ಸಣ್ಣ ಊರುಗಳ ಕಡೆಯವರು, ಎಂಟನೇ ತರಗತಿಯ ಆಸುಪಾಸು ಓದಿದವರು. ಮುಂದೆ ದಶಕಗಟ್ಟಲೆ ಜಗತ್ತಿನ ಎಷ್ಟೋ ಕಡೆ 'ಸರಿಯಾಗಿರುವ ಮನುಷ್ಯ' ಅಂದರೆ ಮಿನೆಸೋಟದ ಆಸ್ಪತ್ರೆ ಬೆಂಚಿನ ಮೇಲೆ ಕಾಯುತ್ತಾ ಕೂತಿದ್ದ ಆ ಜನ! 1989ರಲ್ಲಿ ಹೊಸ ಆವೃತ್ತಿ ಬರುವವರೆಗೂ ಅವರೇ ಅಳತೆಗೋಲು.

ಕ್ಲಾಸಿನಲ್ಲಿ ಇದನ್ನು ಹೇಳಿದಾಗ ನನಗೆ ನೆನಪಾದದ್ದು ಬಿನೆ-ಕಾಮತ್. 1930ರ ದಶಕದಲ್ಲಿ ವಿ.ವಿ. ಕಾಮತ್ ಅವರು ಬಿನೆಯ ಬುದ್ಧಿಶಕ್ತಿ ಪರೀಕ್ಷೆಯನ್ನು ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದರು. ನಮ್ಮ ಮಕ್ಕಳನ್ನು ನಮ್ಮ ಮಾತಿನಲ್ಲೇ ಕೇಳಬೇಕು ಅಂತ ಆ ಕಾಲಕ್ಕೇ ಹೊಳೆದಿತ್ತು.

ಇಲ್ಲಿ ಲ್ಯಾಬಿಗೆ ಜನ ಹಿಡಿದು ತರಲು ದೋಸೆ ಕೊಡಿಸಬೇಕಾಗಿಲ್ಲ. ಮೊದಲ ವರ್ಷದ ಸೈಕಾಲಜಿ ತೆಗೆದುಕೊಂಡ ಮಕ್ಕಳು ಪ್ರಯೋಗಕ್ಕೆ ಕೂತರೆ ಅವರಿಗೆ ಒಂದಿಷ್ಟು ಅಂಕ. ಅನುಕೂಲ ಹೌದು. ಆದರೆ ಮನುಷ್ಯರ ಮನಸ್ಸು ಅಂತ ನಾವು ಬರೆಯುವುದೆಲ್ಲ ಹತ್ತೊಂಬತ್ತು ವರ್ಷದ ಅಮೆರಿಕನ್ ಮಕ್ಕಳ ಮನಸ್ಸು, ಅದೂ ಸೆಮಿಸ್ಟರ್ ಕೊನೆಯ ನಿದ್ದೆಗೆಟ್ಟ ಮನಸ್ಸು. ಅವರೆಕಾಯಿ ಸುಲಿಯುವ ಅಮ್ಮ ನಮ್ಮ ಡೇಟಾದಲ್ಲಿ ಇಲ್ಲವೇ ಇಲ್ಲ.

ಪ್ರಶ್ನೆ ಕೇಳಿದವರಿಗೆ: ಇಲ್ಲಿಗೆ ಬರುವ ಯೋಚನೆ ಮುಂದೆ ಬಂದರೆ, ಪಿಎಚ್‌ಡಿಗೆ ಬನ್ನಿ. ಸಾಮಾನ್ಯವಾಗಿ ಫೀಸು ಅವರೇ ಕಟ್ಟಿಕೊಂಡು ತಿಂಗಳ ಖರ್ಚಿಗೂ ಕೊಡುತ್ತಾರೆ. ಮಾಸ್ಟರ್ಸ್ ಆದರೆ ಬಹಳಷ್ಟು ಕಡೆ ಕೈಯಿಂದ ಕಟ್ಟಬೇಕು. ನಾನು ಬೆಂಗಳೂರಿನ ಜ್ಞಾನಭಾರತಿಯಲ್ಲಿ ಪಿಜಿ ಮಾಡಿದವಳು. ಅರ್ಜಿಯಲ್ಲಿ ನನ್ನ ಕೈಹಿಡಿದದ್ದು ಅಂಕ ಅಲ್ಲ, ಅಲ್ಲಿ ಮಾಡಿದ ಒಂದು ಸಣ್ಣ ಸಂಶೋಧನೆ, ಡಿಸರ್ಟೇಶನ್. ಸ್ಟ್ರೂಪ್ ಪರೀಕ್ಷೆ: ಹಸಿರು ಶಾಯಿಯಲ್ಲಿ 'ಕೆಂಪು' ಅಂತ ಬರೆದಿರುತ್ತದೆ, ಪದ ಓದಬಾರದು, ಶಾಯಿಯ ಬಣ್ಣ ಹೇಳಬೇಕು. ಬಾಯಿ ತಪ್ಪಿ ಪದವೇ ಬರುತ್ತದೆ. ನಾನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಮಾಡಿಸಿದೆ. ಕನ್ನಡ ಮೀಡಿಯಂ ಮಕ್ಕಳು ಕನ್ನಡ ಪದಕ್ಕೆ ಜಾಸ್ತಿ ಎಡವಿದರು, ಕಾನ್ವೆಂಟ್ ಮಕ್ಕಳು ಇಂಗ್ಲಿಷಿಗೆ. ಎರಡು ಭಾಷೆಯವರ ಮೇಲಿನ ಸಂಶೋಧನೆಯಲ್ಲಿ ಇದು ಹೊಸದೇನಲ್ಲ. ಆದರೆ ನನ್ನ ಕೈಯಾರೆ ಎಣಿಸಿದ್ದು. ಸಂದರ್ಶನದಲ್ಲಿ ಪ್ರೊಫೆಸರ್ ಇಪ್ಪತ್ತು ನಿಮಿಷ ಅದರ ಬಗ್ಗೆಯೇ ಕೇಳಿದರು.

ಪ್ರಾಕ್ಟಿಕಲ್_ಮನುಷ್ಯ ಬರೆದದ್ದು:

ಸಂಜೆ ಮೇಡಂ, ಒಪ್ಪಿದೆ, ಅರ್ಧ ಲೆಕ್ಕ ಹೇಳಿದ್ದೆ. ನಾನು ಅದೇ ಅತಿಥಿ ಉಪನ್ಯಾಸಕ, ಹದಿಮೂರನೇ ವರ್ಷ. ಸೈಕಾಲಜಿ ಅಲ್ಲ, ಇತಿಹಾಸ. ಅದಕ್ಕೇ ಹಾಗೆ ಬರೆದೆ. ಮಗು, ಮೈಸೂರಿಗೆ ಹೋಗು. ನೆಟ್ ಮಾತ್ರ ಬಿಡಬೇಡ.

ಅರಸೀಕೆರೆ_ಜಂಕ್ಷನ್ ಬರೆದದ್ದು:

ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳಬೇಕೋ ಗೊತ್ತಾಗುತ್ತಿಲ್ಲ. ಆ ಕಾಲೇಜಿಗೆ ಅನುಮೋದನೆ ಪತ್ರ ಕಳಿಸಿ ಅಂದೆ. ಎರಡು ದಿನದಿಂದ ಫೋನ್ ಇಲ್ಲ.

ಹಳಬ ಸರ್, ನಿಮ್ಮ ಕನ್ನಡಿ ಪ್ರಯೋಗವನ್ನು ನಿನ್ನೆ ರಾತ್ರಿ ಮನೆಯಲ್ಲಿ ಮಾಡಿದೆ. ಅಮ್ಮನ ಡ್ರೆಸ್ಸಿಂಗ್ ಕನ್ನಡಿ ಗೋಡೆಗೆ ಒರಗಿಸಿ, ಅಡ್ಡಕ್ಕೆ ಕ್ಯಾಲೆಂಡರ್ ರಟ್ಟು ಹಿಡಿದು, ಅಪ್ಪನನ್ನು ಕೂರಿಸಿದೆ. 'ಇಪ್ಪತ್ತೆರಡು ವರ್ಷ ಕನ್ನಡಿ ನೋಡಿಕೊಂಡು ರಿವರ್ಸ್ ತೆಗೆದಿದ್ದೀನಿ, ನನಗೇ ಹೇಳ್ತೀಯಾ' ಅಂದುಕೊಂಡು ಪೆನ್ಸಿಲ್ ಹಿಡಿದರು. ಮೊದಲ ಮೂಲೆಯಲ್ಲೇ ಗಾಡಿ ಗದ್ದೆಗೆ ಇಳಿಯಿತು. ಮೂರು ನಿಮಿಷ ನಲವತ್ತು ಸೆಕೆಂಡ್. ತಪ್ಪು ಎಣಿಸುವುದನ್ನು ಅರ್ಧಕ್ಕೇ ಬಿಟ್ಟೆ. ಬೈದರು, ಎದ್ದು ನೀರು ಕುಡಿದರು, ತಾವೇ ಬಂದು ಮತ್ತೆ ಕೂತರು. ಐದನೇ ಸಲಕ್ಕೆ ಒಂದು ನಿಮಿಷ ಹತ್ತು ಸೆಕೆಂಡ್. ಎಡಗೈಗೆ ಕೊಟ್ಟೆ. ಒಂದು ನಿಮಿಷ ಐವತ್ತು! ಎಡಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. 'ಇದಕ್ಕೆ ಯಾರು ಹೇಳಿಕೊಟ್ರು?' ಅಂದರು. ಗೊತ್ತಿಲ್ಲ, ಅದನ್ನೇ ಓದೋಕೆ ಹೋಗುತ್ತಿರುವುದು ಅಂದೆ.

ಎಡಗೈಯನ್ನು ಮೊದಲೇ ಒಂದು ಸಲ ಪರೀಕ್ಷಿಸಿ ಇಟ್ಟುಕೊಳ್ಳಬೇಕಿತ್ತು ಅಂತ ಮಲಗಿದ ಮೇಲೆ ಹೊಳೆಯಿತು. ಈಗ ಅಮ್ಮನ ಮೇಲೆ ಸರಿಯಾಗಿ ಮಾಡಬೇಕು.

ಶುಕ್ರವಾರ ಮೈಸೂರಿಗೆ ಹೊರಡುತ್ತೇವೆ, ಅಪ್ಪ ರಜೆ ಹಾಕಿದ್ದಾರೆ. ಅಂಕಪಟ್ಟಿ ಒರಿಜಿನಲ್ ಬೇಕಾ, ಝೆರಾಕ್ಸ್ ಸಾಕಾ?

ಆರನೇ_ವರ್ಷದ_ಪಿಎಚ್‌ಡಿ ಬರೆದದ್ದು:

ಒರಿಜಿನಲ್ ಎಲ್ಲ ಒಂದು ಫೈಲಿನಲ್ಲಿ, ಝೆರಾಕ್ಸ್ ಮೂರು ಸೆಟ್, ಫೋಟೋ ಆರು. ಅಂಕಪಟ್ಟಿಯಲ್ಲಿ ಅಪ್ಪನ ಹೆಸರು ಸರಿ ಇದೆಯಾ ಈಗಲೇ ನೋಡಿ.